ಮಂಜು, ಜಲಪಾತಗಳ ಆಚೆಗಿನ ಮಲೆನಾಡು: ಕೆಲಸದ ದಿನದ ಫೋಟೊಗಳು ಯಾರಲ್ಲಿವೆ?

ಹೊಳೆದಂಡೆ, ತೀರ್ಥಹಳ್ಳಿ

ಜೋಗದ ನಾಲ್ಕು ಧಾರೆ, ಆಗುಂಬೆಯ ಸೂರ್ಯಾಸ್ತ, ಕೊಡಚಾದ್ರಿಯ ನೆತ್ತಿಯ ಮಂಜು, ಕವಲೇದುರ್ಗದ ಕೋಟೆಬಾಗಿಲು. ಮಲೆನಾಡಿನ ಫೋಟೊ ಎಂದೊಡನೆ ಯಾರಿಗಾದರೂ ನೆನಪಾಗುವುದು ಇವೇ. ಇವುಗಳ ಚೆಲುವಿನ ಬಗ್ಗೆ ನನಗೆ ತಕರಾರಿಲ್ಲ. ನಾನೂ ತೆಗೆಯುತ್ತೇನೆ, ಮುಂದೆಯೂ ತೆಗೆಯುತ್ತೇನೆ. ಆದರೆ ಇವೆಲ್ಲ ರಜೆಯ ದಿನದ ಮಲೆನಾಡು. ಇಲ್ಲೇ ಹುಟ್ಟಿ, ಇಲ್ಲೇ ದುಡಿದು, ಇಲ್ಲೇ ಮುದುಕರಾಗುವವರ ಸೋಮವಾರ, ಮಂಗಳವಾರಗಳು ಹೆಚ್ಚಿನವರ ಕ್ಯಾಮೆರಾದಲ್ಲಿ ಇಲ್ಲ. ಐವತ್ತು ವರ್ಷ ಕಳೆದ ಮೇಲೆ ಯಾರಾದರೂ ನಮ್ಮ ಕಾಲದ ಚಿತ್ರಗಳನ್ನು ಹರಡಿಕೊಂಡು ಕೂತರೆ ಇಲ್ಲಿ ನೀರು ಧುಮ್ಮಿಕ್ಕುತ್ತಿತ್ತು, ಮಂಜು ಕವಿಯುತ್ತಿತ್ತು ಎಂಬುದು ತಿಳಿಯುತ್ತದೆ. ಜನ ಏನು ಮಾಡುತ್ತಿದ್ದರು ಎಂಬುದು ತಿಳಿಯುವುದಿಲ್ಲ.

ನಾನು ಶಿವಮೊಗ್ಗದ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಬಸ್ ಹತ್ತಿದರೆ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಊರು ಸೇರುವವರೆಗೆ ತುಂಗೆ ಆಗಾಗ ಮರಗಳ ಸಂದಿಯಲ್ಲಿ ಕಾಣಿಸಿಕೊಳ್ಳುತ್ತಲೇ ಇರುತ್ತಾಳೆ. ಮಳೆಗಾಲದಲ್ಲಿ ಮಂಡಗದ್ದೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿರುತ್ತವೆ. ಅದನ್ನು ನೋಡಲು, ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಲು ದೂರದಿಂದ ಬಂದವರು ಉದ್ದನೆಯ ಲೆನ್ಸ್ ಹಿಡಿದು ನಿಂತಿರುತ್ತಾರೆ. ಅವರ ಬೆನ್ನ ಹಿಂದೆ ಹಾದುಹೋಗುವ ನಮ್ಮ ಬಸ್ಸಿನೊಳಗೆ ಇನ್ನೊಂದು ಲೋಕವಿದೆ. ಆಸ್ಪತ್ರೆಗೆ ಹೊರಟವರು ವರದಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿರುತ್ತಾರೆ. ಬಾಳೆಎಲೆಯ ಕಟ್ಟು ಮಾರಲು ತಂದ ಅಜ್ಜಿ ಅದನ್ನು ಯಾರೂ ತುಳಿಯದಂತೆ ಸೀಟಿನ ಅಡಿಗೆ ಸರಿಸುತ್ತಾರೆ. ಕಂಡಕ್ಟರ್ ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗಳಲ್ಲಿ ಹಿಡಿದಿರುತ್ತಾರೆ: ಹತ್ತರದ್ದಕ್ಕೆ ಒಂದು ಸಂದಿ, ಐವತ್ತರದ್ದಕ್ಕೆ ಇನ್ನೊಂದು, ನೂರರದ್ದು ತೋರುಬೆರಳ ಬುಡದಲ್ಲಿ. ಬಸ್ ತಿರುವಿನಲ್ಲಿ ವಾಲಿದರೂ ಆ ಕೈ ಕಂಬವನ್ನು ಹಿಡಿಯುವುದಿಲ್ಲ, ಸೊಂಟವೇ ಸೀಟಿಗೆ ಆತುಕೊಳ್ಳುತ್ತದೆ. ನಾನು ಈಗ ಅವರನ್ನು ಕೇಳಿ, ಅವರು ಒಪ್ಪಿದ ಮೇಲೆ, ಆ ಕೈಯ ಚಿತ್ರ ತೆಗೆಯುತ್ತಿದ್ದೇನೆ. ಮೋಡದ ಬೆಳಕು ಕಿಟಕಿಯಿಂದ ಮೆದುವಾಗಿ ಬರುವುದರಿಂದ ಮೊಬೈಲೇ ಸಾಕು. ಟಿಕೆಟ್ ಯಂತ್ರ ಬಂದಿದೆ, ಮೊಬೈಲಿನಲ್ಲಿ ಹಣ ಕೊಡುವವರೂ ದಿನೇದಿನೇ ಹೆಚ್ಚುತ್ತಿದ್ದಾರೆ. ನೋಟು ಹಿಡಿಯುವ ಆ ಕೈಚಳಕ ಇನ್ನೆಷ್ಟು ದಿನ ಇರುತ್ತದೆಯೋ.

ನಿಮ್ಮ ಮನೆ, ತೋಟ, ಅಂಗಡಿ, ಶಾಲೆ, ಕಚೇರಿಗಳಲ್ಲಿ ಇಂಥ ಚಿತ್ರಗಳು ಇದ್ದರೆ ಅವುಗಳ ಬಗ್ಗೆ ಬರೆಯಿರಿ. ತೆಗೆದದ್ದನ್ನು ನಮ್ಮ ಈ ಮಳೆಯಲ್ಲಿ ಹಾಳಾಗದಂತೆ ಕಾಯುವುದು ಹೇಗೆ ಎಂಬುದನ್ನೂ ಬಲ್ಲವರು ಹೇಳಬೇಕು.

ಕಾನುಮನೆ, ಸಾಗರ

ನಿಮ್ಮ ಮಾತು ನೂರಕ್ಕೆ ನೂರು ಸರಿ ಹೊಳೆದಂಡೆಯವರೇ. ತೋಟದವನಾದ ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ.

ಅಡಿಕೆ ತೋಟದ ಫೋಟೊಗಳಿಗೆ ಬರವಿಲ್ಲ. ಸಾಲು ಮರ, ನಡುವೆ ಬಿಸಿಲಕೋಲು, ಕೆಳಗೆ ಕಾಲುವೆ. ಆದರೆ ಕೊಯ್ಲಿನ ಚಿತ್ರವನ್ನು ಕೇಳಿ, ಸಿಗುವುದಿಲ್ಲ. ಅಡಿಕೆಯ ಗೊನೆ (ನಮ್ಮಲ್ಲಿ ಕೊನೆ) ಕೊಯ್ಯುವ ಕೊನೆಗೌಡರು ಕಾಲಿಗೆ ತಳೆಯ ಕುಣಿಕೆ ಹಾಕಿಕೊಂಡು ಮರ ಹತ್ತಿ, ಒಂದು ಮರದ ತುದಿಯಿಂದಲೇ ಪಕ್ಕದ ಮರಕ್ಕೆ ದಾಟುತ್ತಿದ್ದ ದೃಶ್ಯ ನಮ್ಮ ಬಾಲ್ಯದಲ್ಲಿ ಪ್ರತಿ ವರ್ಷದ್ದು. ಈಗ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಔಷಧಿಯನ್ನೂ ಹೊಡೆಯಬಹುದು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡ ನನಗೆ ದೋಟಿ ಬಂದದ್ದು ಬಹಳ ಸಂತೋಷ. ಹಳೆಯದು ಹೋಯಿತು ಎಂದು ಅಳುವವನು ನಾನಲ್ಲ. ಅದು ಇತ್ತು ಎಂಬುದಕ್ಕೆ ಸಾಕ್ಷಿ ಬೇಕು, ಅಷ್ಟೇ.

ಸುಲಿಯುವ ಕೆಲಸವೂ ಹಾಗೆಯೇ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಸಾಲಾಗಿ ಕೂತು, ಮೆಟ್ಟುಗತ್ತಿಗೆ ಹಸಿ ಅಡಿಕೆಯನ್ನು ಒತ್ತಿ ಸಿಪ್ಪೆ ಬಿಡಿಸಿ, ಡಬ್ಬಿಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದರು. ಅಡಿಕೆ ಸುಲಿದವರ ಬೆರಳುಗಳಿಗೆ ಕಪ್ಪು ಹತ್ತಿ ಕೊಯ್ಲು ಮುಗಿದು ಎಷ್ಟೋ ದಿನದವರೆಗೆ ಬಿಡುವುದಿಲ್ಲ. ಈಗ ಹೆಚ್ಚಿನ ಕಡೆ ಯಂತ್ರ ಸುಲಿಯುತ್ತದೆ. ನಮ್ಮಲ್ಲಿ ಇನ್ನೂ ಹಂಡೆಯಲ್ಲಿ ಚೊಗರು ಹಾಕಿ ಬೇಯಿಸುತ್ತೇವೆ. ಚೊಗರೆಂದರೆ ಹಿಂದಿನ ಸಲ ಅಡಿಕೆ ಬೇಯಿಸಿ ಉಳಿದ ನೀರು, ಅದನ್ನು ಇಟ್ಟುಕೊಂಡು ಮುಂದಿನದಕ್ಕೆ ಬೆರೆಸಿದರೆ ಅಡಿಕೆಗೆ ಬಣ್ಣ ಕೂರುತ್ತದೆ. ನಸುಕಿನಲ್ಲಿ ಹಂಡೆಯ ಹಬೆ ಏಳುವಾಗ ಬೆಳಕು ಎದುರಿನಿಂದ ಬರುವಂತೆ ನಿಂತರೆ ಹಬೆ ಸ್ಪಷ್ಟವಾಗಿ ಮೂಡುತ್ತದೆ, ಬೆಳಕು ಬೆನ್ನ ಹಿಂದಿದ್ದರೆ ಮಂಕಾಗಿ ಕಾಣುತ್ತದೆ. ಬೆಂಕಿಯ ಬೆಳಕಿಗೆ ಕ್ಯಾಮೆರಾವನ್ನು ಹೊಂದಿಸಿಕೊಂಡು ಉಳಿದದ್ದನ್ನು ಕತ್ತಲಾಗಲು ಬಿಡಿ. ಫ್ಲ್ಯಾಶ್ ಹಾಕಿದರೆ ಆ ಬೆಳಗಿನ ಜಾವವೇ ಮಾಯವಾಗಿಬಿಡುತ್ತದೆ.

ರಾತ್ರಿ ಬಸ್ಸು, ಹೊಸನಗರ (ಈಗ ಬೆಂಗಳೂರು)

ಒಂದು ಭಿನ್ನಾಭಿಪ್ರಾಯ. ಮಂಜಿನ ಫೋಟೊಗಳನ್ನು ಇಷ್ಟು ಸುಲಭವಾಗಿ ರಜೆಯ ಲೆಕ್ಕಕ್ಕೆ ಹಾಕಬೇಡಿ. ಊರು ಬಿಟ್ಟವರಿಗೆ ಅವು ಪ್ರವಾಸಿ ಚಿತ್ರಗಳಲ್ಲ.

ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ, ಭಾನುವಾರ ರಾತ್ರಿ ಮತ್ತೆ ಅದೇ ಬಸ್ಸಿನಲ್ಲಿ ವಾಪಸಾಗುವ ನನ್ನಂಥವರು ಸಾವಿರಾರು ಮಂದಿ ಇದ್ದಾರೆ. ಶಿವಮೊಗ್ಗ ದಾಟಿದ ಮೇಲೆ ನಿದ್ದೆಗಣ್ಣಿನಲ್ಲಿ ಕಿಟಕಿ ಸರಿಸಿದರೆ ತಣ್ಣನೆಯ ಗಾಳಿಯೊಂದಿಗೆ ಒದ್ದೆ ಮಣ್ಣು, ಕೊಳೆತ ಎಲೆಗಳ ವಾಸನೆ ಬರುತ್ತದೆ. ಆ ವಾಸನೆಯ ಫೋಟೊ ತೆಗೆಯಲು ಬರುವುದಿಲ್ಲವಾದ್ದರಿಂದ ಮಂಜಿನದ್ದನ್ನು ತೆಗೆಯುತ್ತೇನೆ. ಸೋಮವಾರ ಕಚೇರಿಯ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಅದನ್ನು ತೆರೆದು ನೋಡುವಾಗ ನನಗದು ಊರೇ. ಹೊರಗಿನವರು ಅದನ್ನು ನೋಡಿ ‘ಅದ್ಭುತ’ ಎಂದು ಬರೆದರೆ ಅದು ಅವರ ಖುಷಿ.

ಆದರೂ ನೀವು ಬರೆದದ್ದನ್ನು ಓದಿ ನನ್ನ ತಂದೆಯವರ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಚಿತ್ರದಲ್ಲಿ ಹಿಡಿಯಬೇಕು ಎನ್ನಿಸಿದೆ. ಅವರದು ಪೇಟೆಯಲ್ಲಿ ಸಣ್ಣ ಕಿರಾಣಿ ಅಂಗಡಿ. ಬೆಲ್ಲದ ಅಚ್ಚು ಒಡೆಯುವ ಸುತ್ತಿಗೆ, ಸಾಲದ ಪುಸ್ತಕ, ಮಳೆಗಾಲದಲ್ಲಿ ಉಪ್ಪಿನ ಚೀಲ ಬೆವರದಂತೆ ಅಡಿಗೆ ಹಾಕುವ ಹಲಗೆ, ಇವೆಲ್ಲ ನಾನು ದಿನಾ ಕಂಡವು. ಕಂಡವಾದ್ದರಿಂದಲೇ ಅವುಗಳ ಚಿತ್ರ ಬೇಕು ಎಂದು ಈವರೆಗೆ ಯಾರಿಗೂ ತೋಚಿಲ್ಲ.

ಹೊಳೆಬಾಗಿಲು, ತುಮರಿ

ನಮ್ಮ ಕಡೆಯ ಕಥೆ ಕೇಳಿದರೆ ಈ ಚರ್ಚೆ ಎಷ್ಟು ತುರ್ತಿನದ್ದು ಎಂಬುದು ಅರ್ಥವಾಗುತ್ತದೆ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿಯ ಹಿನ್ನೀರು ಏರಿ ಊರೂರುಗಳೇ ಮುಳುಗಿದವು. ನಾಡಿಗೆ ಬೆಳಕು ಕೊಟ್ಟ ಜನ ಗಂಟುಮೂಟೆ ಕಟ್ಟಿಕೊಂಡು ಬೇರೆ ತಾಲ್ಲೂಕುಗಳ ಕಾಡಿನಂಚಿಗೆ ಹೋದರು. ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇಂದಿಗೂ ಅಲೆಯುತ್ತಿದ್ದಾರೆ. ನಮ್ಮ ಅಜ್ಜಿಗೆ ತಾನು ಮದುವೆಯಾಗಿ ಬಂದ ಮನೆಯ ಒಂದು ಚಿತ್ರವೂ ಇರಲಿಲ್ಲ. ಬಾಗಿಲು ಯಾವ ದಿಕ್ಕಿಗಿತ್ತು, ತುಳಸಿಕಟ್ಟೆ ಎಲ್ಲಿತ್ತು, ದನದ ಕೊಟ್ಟಿಗೆ ಎಷ್ಟು ದೂರ ಎಂಬುದನ್ನು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸುತ್ತಿದ್ದರು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಆಗ ಅಲ್ಲಿಗೆ ಜನ ಡ್ರೋನ್ ತರುತ್ತಾರೆ, ಚಿತ್ರಗಳು ಊರೆಲ್ಲ ಹರಿದಾಡುತ್ತವೆ. ಅಣೆಕಟ್ಟು ಸುಂದರವಾಗಿದೆ ನಿಜ. ಅದರ ಆಸುಪಾಸಿನಲ್ಲಿ ಮನೆಗಳಿದ್ದವು ಎಂಬುದನ್ನು ಚಿತ್ರದ ಜೊತೆ ಬರೆಯುವವರು ಬೆರಳೆಣಿಕೆಯಷ್ಟು.

ಹಿನ್ನೀರಿನ ಈಚೆಗೆ ಉಳಿದ ನಮಗೆ ಸಾಗರಕ್ಕೆ ಹೋಗಲು ಲಾಂಚೇ ದಾರಿಯಾಯಿತು. ಅಂಬಾರಗೋಡ್ಲು ಕಡೆಯಿಂದ ಕಳಸವಳ್ಳಿ ಕಡೆಗೆ ಜನ, ಬೈಕು, ಜೀಪು, ಬಸ್ ಎಲ್ಲವೂ ಅದರ ಮೇಲೆಯೇ. ಶಾಲೆಯ ಮಕ್ಕಳು, ಹಾಲು, ಗೊಬ್ಬರದ ಚೀಲ, ಮದುವೆ ದಿಬ್ಬಣ, ಹೆಣ, ಎಲ್ಲ ಒಂದೇ ತೇಲುವ ಹಲಗೆಯ ಮೇಲೆ ದಾಟಿವೆ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತು ಬರಬೇಕಿತ್ತು, ಇಲ್ಲವೇ ದಡದಲ್ಲೇ ರಾತ್ರಿ ಕಳೆಯಬೇಕಿತ್ತು. ಹೆರಿಗೆ ನೋವಿನ ಹೆಂಗಸರು, ಹಾವು ಕಚ್ಚಿದವರು ದಡದಲ್ಲಿ ಕಾದದ್ದು ನಮ್ಮ ಪ್ರತಿ ಮನೆಯ ಕಥೆ. ಮಳೆ ತಡವಾಗಿ ನೀರು ಇಳಿದಾಗ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ಸೇತುವೆಗಾಗಿ ನಾವು ಮಾಡಿದ ಹೋರಾಟ ತಲೆಮಾರುಗಳದ್ದು.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರ್‌ಗೂ ಮಿಕ್ಕಿದ ಉದ್ದ, ಮೇಲಿನಿಂದ ಇಳಿದ ಕೇಬಲ್‌ಗಳು. ಈಗ ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ, ತೆಗೆಯಲಿ, ನಾನೂ ತೆಗೆದಿದ್ದೇನೆ. ಲಾಂಚಿನ ಚಿತ್ರಗಳನ್ನು ಹುಡುಕಿದರೆ ಸಿಗಂದೂರಿಗೆ ಬಂದ ಪ್ರವಾಸಿಗಳು ಕಟಕಟೆಗೆ ಒರಗಿ ನಿಂತ ಚಿತ್ರಗಳೇ ರಾಶಿ. ಹಗ್ಗ ಎಸೆದು ಲಾಂಚನ್ನು ದಡಕ್ಕೆ ಎಳೆದವರ ಮುಖ, ಬಸ್ಸಿನ ಚಕ್ರಕ್ಕೆ ಕಲ್ಲು ಕೊಟ್ಟವರ ಕೈ ನಮಗೆ ಬೇಕು. ಅವರಲ್ಲಿ ಕೆಲವರು ಇನ್ನೂ ಇದ್ದಾರೆ. ನಮ್ಮ ಊರಿನ ಹುಡುಗರು ಈಗ ಅವರ ಮನೆಗೆ ಹೋಗಿ ಚಿತ್ರ ತೆಗೆದು, ಅವರು ಹೇಳಿದ್ದನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾರೆ. ಯಾರಲ್ಲಾದರೂ ಹಳೆಯ ಲಾಂಚಿನ ಚಿತ್ರವಿದ್ದರೆ, ಅದರಲ್ಲಿ ನಮ್ಮವರೊಬ್ಬರು ಮೂಲೆಯಲ್ಲಿ ಅಸ್ಪಷ್ಟವಾಗಿ ನಿಂತಿದ್ದರೂ ಸರಿ, ದಯವಿಟ್ಟು ಅಳಿಸಬೇಡಿ.

ಹಳೇ ಸ್ಟುಡಿಯೋ, ಸಾಗರ

ನಾನು ಸ್ಟುಡಿಯೋ ಇಟ್ಟುಕೊಂಡು ಜೀವನ ಮಾಡಿದವನು. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ. ಕಾಯುವ ಬಗೆಯನ್ನು ಹೊಳೆದಂಡೆಯವರು ಕೇಳಿದ್ದಾರೆ, ಅದಕ್ಕೆ ಉತ್ತರ ಕೊಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮೊದಲು ಲೆನ್ಸು. ಮಲೆನಾಡಿನಲ್ಲಿ ಕ್ಯಾಮೆರಾದ ದೊಡ್ಡ ಶತ್ರು ಮಳೆಯ ಹನಿಯಲ್ಲ, ಬೂಸ್ಟು. ಮಳೆಗಾಲದ ತಿಂಗಳುಗಟ್ಟಲೆ ತೇವದಲ್ಲಿ ಗಾಜಿನ ಮೇಲೆ ಬೂಸ್ಟು ಸಣ್ಣ ಎಳೆಗಳಾಗಿ ಹಬ್ಬುತ್ತದೆ. ಅದು ಬಿಡುವ ಆಮ್ಲ ಲೆನ್ಸಿನ ಲೇಪನವನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಗುರುತು ಉಳಿಯುತ್ತದೆ. ಚರ್ಮದ ಚೀಲದಲ್ಲಾಗಲಿ, ಬಟ್ಟೆಯ ಬ್ಯಾಗಿನಲ್ಲಾಗಲಿ ಕ್ಯಾಮೆರಾವನ್ನು ಇಟ್ಟು ಬೀರುವಿಗೆ ಸೇರಿಸಬೇಡಿ, ಅವು ತೇವ ಹೀರಿ ಹಿಡಿದುಕೊಳ್ಳುತ್ತವೆ. ಗಾಳಿಯಾಡದಂತೆ ಮುಚ್ಚುವ ಡಬ್ಬಿ ತಂದು, ಒಳಗೆ ಸಿಲಿಕಾ ಜೆಲ್ ಹಾಕಿ. ಸಣ್ಣ ತೇವಮಾಪಕ ಸಿಗುತ್ತದೆ, ಅದನ್ನೂ ಇಡಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. 60 ದಾಟಿ ಹಾಗೆಯೇ ನಿಂತರೆ ಜೆಲ್ ಬದಲಿಸಬೇಕು. ಬಣ್ಣ ಬದಲಾದ ಜೆಲ್ಲನ್ನು ಬಿಸಿ ಮಾಡಿದರೆ ಮತ್ತೆ ಬಳಸಬಹುದು, ಆದರೆ ನೀಲಿ ಬಣ್ಣದ್ದರಲ್ಲಿ ವಿಷದ ಅಂಶವಿರುತ್ತದೆ. ಅಡುಗೆಯ ಬಾಣಲೆಯಲ್ಲಿ ಹುರಿಯುವುದು ಬೇಡವೇ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿಡುವವರಿದ್ದಾರೆ. ಅಲ್ಲಿ ಹೊಗೆ, ಎಣ್ಣೆಯ ಜಿಡ್ಡು ಗಾಜಿಗೆ ಕೂರುತ್ತದೆ. ಇನ್ನೊಂದು, ಹವಾನಿಯಂತ್ರಿತ ಕಾರಿನಿಂದ ಇಳಿದ ತಕ್ಷಣ ಕ್ಯಾಮೆರಾ ತೆರೆಯಬೇಡಿ. ತಣ್ಣನೆಯ ಗಾಜಿನ ಮೇಲೆ ನಮ್ಮ ಗಾಳಿ ಕೂಡಲೇ ಬೆವರಾಗುತ್ತದೆ. ಬ್ಯಾಗಿನೊಳಗೇ ಸ್ವಲ್ಪ ಹೊತ್ತು ಬಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ.

ಎಲ್ಲಕ್ಕಿಂತ ಒಳ್ಳೆಯ ಔಷಧಿ ಬಳಕೆ. ದಿನಾ ಕೈಯಲ್ಲಿ ಆಡುವ ಲೆನ್ಸಿಗೆ ಬೂಸ್ಟು ಹಿಡಿಯುವುದು ಅಪರೂಪ. ಹೊಳೆದಂಡೆಯವರ ಮಾತಿನಂತೆ ವಾರದ ದಿನವೂ ಚಿತ್ರ ತೆಗೆದರೆ ಕ್ಯಾಮೆರಾಕ್ಕೂ ಲಾಭ.

ಇನ್ನು ಹಳೆಯ ಪ್ರಿಂಟುಗಳು. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್‌ಗಳು ನಮ್ಮ ಹವೆಗೆ ಯಮ. ಚಿತ್ರ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡದ್ದನ್ನು ಕೀಳಲು ಹೋಗಬೇಡಿ, ಬಣ್ಣದ ಪದರವೇ ಎದ್ದುಬರುತ್ತದೆ. ಇದ್ದ ಸ್ಥಿತಿಯಲ್ಲೇ ಮೊದಲು ಅದರ ಚಿತ್ರ ತೆಗೆದುಕೊಳ್ಳಿ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಮೇಜಿನ ಮೇಲಿಟ್ಟು, ಮೊಬೈಲನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು, ಫ್ಲ್ಯಾಶ್ ಆರಿಸಿ. ಬಿಡಿ ಪ್ರಿಂಟಿನ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಪೆನ್ನಿನ ಶಾಯಿ ಒದ್ದೆಯಾದರೆ ಮುಂದಕ್ಕೆ ಹಾಯುತ್ತದೆ.

ನೆಗೆಟಿವ್‌ಗಳನ್ನು ಎಸೆಯಬೇಡಿ. 120 ಎಂಬ ಗಾತ್ರದ ಫಿಲ್ಮ್ ರೋಲಿನಲ್ಲಿ ಚೌಕದ ಚಿತ್ರವಾದರೆ 12 ಮಾತ್ರ ಬರುತ್ತಿದ್ದವು. ಅವುಗಳಲ್ಲಿ ಒಂದನ್ನು ಮನೆಯವರು ನಿಮ್ಮ ಅಜ್ಜನ ಕೊಟ್ಟಿಗೆಯ ಮುಂದೆ ಖರ್ಚು ಮಾಡಿದ್ದರೆ ಅದಕ್ಕೊಂದು ಬೆಲೆ ಇತ್ತು ಎಂದೇ ಅರ್ಥ. ಮೂರು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬಾ ಜಾತ್ರೆಯಲ್ಲಿ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದ ಸಂಸಾರಗಳು ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಎಷ್ಟೋ ಮನೆಗಳಲ್ಲಿ ಗೋಡೆಗಿರುವ ಏಕೈಕ ಚಿತ್ರ. ಪರದೆಯ ಮೇಲೆ ಕೊಳ, ಹಂಸ ಬರೆದಿರುತ್ತಿತ್ತು. ನನ್ನ ಕಣ್ಣು ಈಗ ಹೋಗುವುದು ಅದಕ್ಕಲ್ಲ. ನಡೆದು ಬಂದ ಪಾದಗಳ ಕೆಂಪು ಧೂಳಿಗೆ.

ಅಡುಗೆಮನೆ ಕಿಟಕಿ, ಸೊರಬ

ಎಲ್ಲರ ಮಾತನ್ನೂ ಓದಿದೆ. ಕೊನೆಗೌಡರು, ಕಂಡಕ್ಟರು, ಲಾಂಚಿನವರು, ಅಂಗಡಿಯ ಅಪ್ಪ. ಅಜ್ಜಿಯಂದಿರು ಸೀಟಿನ ಬದಿಯಲ್ಲಿ, ನೆನಪಿನಲ್ಲಿ ಬಂದುಹೋದರು. ಹೆಂಗಸರ ಕೆಲಸದ ಚಿತ್ರ ಎಲ್ಲಿದೆ ಅಣ್ಣಂದಿರೇ? ಕಾನುಮನೆಯವರು ಹೇಳಿದ ಜಗಲಿಯ ಸಾಲಿನಲ್ಲಿ ಕೂತು ಅಡಿಕೆ ಸುಲಿದವರಲ್ಲಿ ಹೆಚ್ಚಿನವರು ಯಾರು?

ಮಳೆಗಾಲಕ್ಕೆ ಮೊದಲಿನ ಎರಡು ತಿಂಗಳನ್ನು ನೆನೆಸಿಕೊಳ್ಳಿ. ಅಪ್ಪೆಮಿಡಿಯನ್ನು ತೊಟ್ಟು ಮುರಿಯದಂತೆ ಆರಿಸಿ ಉಪ್ಪಿಗೆ ಹಾಕುವುದು. ಹಲಸಿನ ತೊಳೆ ಬೇಯಿಸಿ, ರುಬ್ಬಿ, ಹಪ್ಪಳ ಒತ್ತಿ, ಮೋಡ ಬಂದರೆ ಓಡಿಹೋಗಿ ಚಾಪೆ ಸಮೇತ ಒಳಗೆ ತರುವುದು. ಸೌದೆ ಒಟ್ಟುವುದು. ಮಳೆ ಹಿಡಿದ ಮೇಲೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಸಮವಸ್ತ್ರ ಒಣಗಿಸುವುದು, ಹೊಗೆಯ ವಾಸನೆ ಬರುತ್ತದೆ ಎಂದು ಅವರು ಮುಖ ಸಿಂಡರಿಸಿದರೆ ಸಮಾಧಾನ ಮಾಡುವುದು. ಕಾಲಿಗೆ ಹತ್ತಿದ ಉಂಬಳವನ್ನು (ಜಿಗಣೆ) ಸುಣ್ಣ ಮುಟ್ಟಿಸಿ ಬಿಡಿಸಿಕೊಂಡು ಮತ್ತೆ ಗದ್ದೆಗೆ ಇಳಿಯುವುದು. ಊಟಕ್ಕೆ ಕೂತ ತಟ್ಟೆಯ ಕಡುಬು, ಕಳಲೆ (ಎಳೆ ಬಿದಿರು) ಪಲ್ಯದ ಚಿತ್ರಗಳನ್ನು ಎಲ್ಲರೂ ಹಾಕುತ್ತಾರೆ. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಿಟ್ಟವರ ಚಿತ್ರವನ್ನು ಯಾರು ಹಾಕಿದ್ದಾರೆ?

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಕೆಲಸ ಮಾಡುವವರ ಚಿತ್ರ ತೆಗೆಯುವುದು ಹೂವಿನ ಚಿತ್ರ ತೆಗೆದಷ್ಟು ಸಲೀಸಲ್ಲ. ಕೂಲಿಗೆ ಬಂದವರ ಮುಂದೆ ತೋಟದ ಯಜಮಾನರು ಮೊಬೈಲ್ ಹಿಡಿದರೆ ಬೇಡ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ನಕ್ಕರೆ ಅದನ್ನೇ ಒಪ್ಪಿಗೆ ಎಂದುಕೊಳ್ಳುವುದು ನ್ಯಾಯವಲ್ಲ. ಕೆಸರಿನ ಸೀರೆಯಲ್ಲಿರುವ ನನ್ನ ಚಿತ್ರವನ್ನು ನನಗೆ ತೋರಿಸದೆ ನೀವು ಊರಿಗೆಲ್ಲ ತೋರಿಸಿದರೆ ಅದು ದಾಖಲೆಯೂ ಅಲ್ಲ, ಕಲೆಯೂ ಅಲ್ಲ. ಮೊದಲು ಕೇಳಿ. ತೆಗೆದದ್ದನ್ನು ತೋರಿಸಿ. ಬೇಡ ಎಂದದ್ದನ್ನು ಅವರೆದುರೇ ಅಳಿಸಿ. ಒಂದು ಪ್ರತಿ ಮುದ್ರಿಸಿ ಅವರ ಕೈಗೆ ಕೊಡಿ.

ನಾನು ನನ್ನ ಅತ್ತೆಯವರಿಗೆ ಮೊಬೈಲಿನಲ್ಲಿ ಚಿತ್ರ ತೆಗೆಯಲು ಕಲಿಸಿದ್ದೇನೆ. ಅವರು ತೆಗೆಯುವುದು ನಾವ್ಯಾರೂ ತೆಗೆಯದ್ದನ್ನು: ಬಾವಿಯ ರಾಟೆ, ಕರು ಹಾಕಿದ ದನ, ಪಕ್ಕದ ಮನೆಯವರು ಕೊಟ್ಟ ಕೆಸುವಿನ ಎಲೆ. ಚೌಕಟ್ಟು ಓರೆಯಾಗಿರುತ್ತದೆ, ಬೆರಳು ಅಡ್ಡ ಬಂದಿರುತ್ತದೆ. ಆದರೂ ನಮ್ಮ ಮನೆಯನ್ನು ಒಳಗಿನಿಂದ ಕಂಡ ಚಿತ್ರಗಳು ಅವೇ.

ಘಟ್ಟದ ತಲೆ, ಆಗುಂಬೆ

ಅಕ್ಕಾ, ನಿಮ್ಮ ಮಾತಿಗೆ ನನ್ನದೂ ಒಂದು ದನಿ. ಕೇಳಿ ತೆಗೆಯಬೇಕು ಎಂಬುದು ಮನುಷ್ಯರಿಗೆ ಮಾತ್ರವಲ್ಲ, ಬಾಯಿಲ್ಲದ ಜೀವಿಗಳ ವಿಷಯದಲ್ಲೂ ಸಂಯಮ ಬೇಕು.

ನಮ್ಮಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ಮಳೆಗೆಂದೇ ಜೂನ್‌ನಿಂದ ಕ್ಯಾಮೆರಾಗಳು ಬರುತ್ತವೆ. ತಾಳ್ಮೆಯಿಂದ ಕೂತು ಕಾಯುವವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಕಪ್ಪೆಯನ್ನು ಹಿಡಿದು ತಂದು ಎಲೆಯ ಮೇಲೆ ಕೂರಿಸುವುದು, ಮಿಂಚುಹುಳುಗಳು ಮಿನುಗುವ ಮರಕ್ಕೆ ಟಾರ್ಚ್ ಬಿಡುವುದು, ಕಾಳಿಂಗವನ್ನು ಬಯಲಿಗೆ ಬಿಡಿಸಿ ಹೆಡೆ ಎತ್ತಿಸುವುದು, ಇವನ್ನೆಲ್ಲ ಕಂಡಾಗ ಹೊಟ್ಟೆ ಉರಿಯುತ್ತದೆ. ಮಿಂಚುಹುಳು ಮಿನುಗುವುದು ಜೊತೆಗಾರರನ್ನು ಕರೆಯಲು. ಅದರ ಮೇಲೆ ಬೆಳಕು ಚೆಲ್ಲಿದರೆ ಆ ಕರೆ ಕೇಳುವವರೇ ಇಲ್ಲದಂತಾಗುತ್ತದೆ. ಜಾಗದ ಗುರುತು ಹಾಕಿ ಚಿತ್ರ ಹಂಚುವುದನ್ನೂ ನಿಲ್ಲಿಸಬೇಕು. ನಮ್ಮ ಪಕ್ಕದ ಹಳ್ಳಿಯ ಒಂದು ಅಬ್ಬಿ (ಜಲಪಾತ) ಹಾಗೆ ಹೆಸರಾದ ಮೇಲೆ ಗದ್ದೆಯ ಬದುವಿನಲ್ಲಿ ಬಾಟಲಿ ಹೆಕ್ಕುವುದು ಆ ಊರಿನವರಿಗೆ ಹೊಸ ಕೆಲಸವಾಗಿದೆ.

ಮಳೆಯನ್ನೇ ತೆಗೆಯಬೇಕು ಎನ್ನುವವರಿಗೆ ಒಂದು ಸಲಹೆ. ಹನಿ ಕಾಣಬೇಕಾದರೆ ಹಿನ್ನೆಲೆ ಕಪ್ಪಾಗಿರಬೇಕು, ಬೆಳಕು ಎದುರಿನಿಂದಲೋ ಬದಿಯಿಂದಲೋ ಬರಬೇಕು. ಹಂಚಿನ ಸೂರಿನಿಂದ ಇಳಿಯುವ ನೀರಿನ ಹಿಂದೆ ಕೊಟ್ಟಿಗೆಯ ಕತ್ತಲಿದ್ದರೆ ಇನ್ನೇನೂ ಬೇಡ. ಸೆಕೆಂಡಿನ 1/30ರಲ್ಲಿ ತೆಗೆದರೆ ಹನಿ ಗೆರೆಯಾಗುತ್ತದೆ, 1/500ಕ್ಕಿಂತ ವೇಗದಲ್ಲಿ ಮುತ್ತಾಗುತ್ತದೆ. ಮಳೆಗೆ ಮೊದಲು ಮನೆಗಳನ್ನು ಸಜ್ಜು ಮಾಡುವುದನ್ನೂ ತೆಗೆಯಿರಿ. ಎರಚಲು ಬಡಿಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವವರು ಕಡಿಮೆಯಾಗಿದ್ದಾರೆ. ಎಲ್ಲೆಡೆ ನೀಲಿ ಪ್ಲಾಸ್ಟಿಕ್ ಬಂದಿದೆ. ಚಿತ್ರ ಚೆನ್ನಾಗಿ ಬರುವುದಿಲ್ಲ ಎಂದು ಆ ನೀಲಿಯನ್ನು ಚೌಕಟ್ಟಿನಿಂದ ಹೊರಗಿಡುವವರನ್ನು ಕಂಡಿದ್ದೇನೆ. ಹೊರಗಿಡಬೇಡಿ, ನಮ್ಮ ಈಗಿನ ಮಳೆಗಾಲದ ಬಣ್ಣ ಅದು.

ಹೊಳೆದಂಡೆ, ತೀರ್ಥಹಳ್ಳಿ

ಅಡುಗೆಮನೆ ಕಿಟಕಿ ಅಕ್ಕನವರ ಪ್ರಶ್ನೆಗೆ ನನ್ನಲ್ಲಿ ಚಿತ್ರವಿಲ್ಲ, ಒಂದು ವಿನಂತಿ ಇದೆ. ನಿಮ್ಮ ಅತ್ತೆಯವರು ಒಪ್ಪಿದರೆ ಅವರು ತೆಗೆದ ಚಿತ್ರಗಳನ್ನು ಅವರದೇ ವಿವರಣೆಯೊಂದಿಗೆ ನೋಡಬೇಕು. ಯಾವ ದನ, ಅದರ ಹೆಸರೇನು, ಕೆಸುವು ಯಾರ ಹಿತ್ತಲಿನದು ಎಂಬುದೆಲ್ಲ ಸೇರಿ.

ರಾತ್ರಿ ಬಸ್ಸಿನವರೇ, ನಿಮ್ಮ ಮಾತು ಒಪ್ಪಿದೆ. ಊರು ಬಿಟ್ಟವರ ಮಂಜು ಬೇರೆ. ತಂದೆಯವರ ಅಂಗಡಿಯ ಚಿತ್ರ ತೆಗೆಯುವಾಗ ಸಾಲದ ಪುಸ್ತಕದ ಒಳಪುಟದ ಹೆಸರುಗಳು ಕಾಣದಂತೆ ನೋಡಿಕೊಳ್ಳಿ, ಹೊರರಟ್ಟು ಸಾಕು.

ತಾಳಗುಪ್ಪ ದಾರಿ, ಆನಂದಪುರ

ಹಳಿಯ ಕಡೆಯಿಂದ ಒಂದು ಪ್ರಶ್ನೆ. ಶಿವಮೊಗ್ಗ–ತಾಳಗುಪ್ಪ ಮಾರ್ಗ ಮೀಟರ್ ಗೇಜ್ ಆಗಿದ್ದಾಗ ಅದರಲ್ಲಿ ರೈಲ್ ಬಸ್ ಓಡುತ್ತಿತ್ತು. ಬಸ್ಸಿಗೇ ರೈಲಿನ ಚಕ್ರ ಜೋಡಿಸಿದಂತಿದ್ದ ಆ ಪುಟ್ಟ ಗಾಡಿಯಲ್ಲಿ ನಾನು ಶಾಲೆಗೆ ಹೋದವನು. ಈಗ ಬ್ರಾಡ್ ಗೇಜ್ ಆಗಿ ತಾಳಗುಪ್ಪದಿಂದ ಬೆಂಗಳೂರು, ಮೈಸೂರಿಗೆ ನೇರ ರೈಲುಗಳಿವೆ. ಇದೇ ಮಾರ್ಗದ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ. ರೈಲ್ ಬಸ್ಸಿನ ಹೊರಗಿನ ಚಿತ್ರಗಳು ಕೆಲವು ಸಿಕ್ಕಿವೆ. ಒಳಗಿನದು, ಪ್ರಯಾಣಿಕರು ಕೂತಿರುವಂಥದ್ದು ಯಾರಲ್ಲಾದರೂ ಇದೆಯೇ?

ಹಳೇ ಸ್ಟುಡಿಯೋ, ಸಾಗರ

ಇದೆ. ಒಂದು ಮದುವೆಯ ದಿಬ್ಬಣ ಅದರಲ್ಲಿ ಹೋದಾಗ ನಾನೇ ತೆಗೆದದ್ದು. ಮದುಮಗ ಕಿಟಕಿಯ ಪಕ್ಕ, ಹಿಂದಿನ ಸೀಟಿನಲ್ಲಿ ವಾಲಗದವರು. ನೆಗೆಟಿವ್ ಚೆನ್ನಾಗಿದೆ. ಆ ಮನೆಯವರು ಈಗಲೂ ಸಾಗರದಲ್ಲೇ ಇದ್ದಾರೆ. ಮೊದಲು ಅವರನ್ನು ಕೇಳುತ್ತೇನೆ, ಒಂದು ಪ್ರತಿ ಮುದ್ರಿಸಿ ಕೊಡುತ್ತೇನೆ, ಅವರು ಸರಿ ಎಂದರೆ ಇಲ್ಲಿ ಹಾಕುತ್ತೇನೆ. ವಾಲಗದವರ ಹೆಸರು ಅವರ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಅದನ್ನೂ ಬರೆದುಕೊಂಡು ಬರುತ್ತೇನೆ.